ಕಂಪೈಲರ್ ಕೈಬಿಟ್ಟ ಲೂಪ್: ಬೋಧನಾ ಅಭ್ಯಾಸದ ಒಂದು ಅನುಭವ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ
ಪಾಠಾಂಶ: ಕಂಪೈಲರ್ ಆಪ್ಟಿಮೈಸೇಶನ್
ಪೂರ್ವಜ್ಞಾನ: ವಿದ್ಯಾರ್ಥಿಗಳು ಲೂಪ್ ಬರೆಯಬಲ್ಲರು
ಉದ್ದೇಶ: ಒಂದೇ ಪ್ರೋಗ್ರಾಂ ಬೇರೆ ಬೇರೆ ಆಯ್ಕೆಗಳಲ್ಲಿ ಕಂಪೈಲ್ ಆದಾಗ ವೇಗ ಏಕೆ ಬದಲಾಗುತ್ತದೆ ಎಂಬುದನ್ನು ವಿವರಿಸುವರು

ಮೊದಲ ದಿನ: 1ರಿಂದ 100 ಕೋಟಿವರೆಗಿನ ಸಂಖ್ಯೆಗಳನ್ನು ಕೂಡಿಸುವ ಪುಟ್ಟ ಪ್ರೋಗ್ರಾಂ ಬರೆದು ತೋರಿಸಿದೆ. ನಾವೇನೂ ಹೇಳದಿದ್ದರೆ ಜಿಸಿಸಿ ಕಂಪೈಲರ್ ‘ಓ0’ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಹಾಗೆ ಓಡಿಸಿದಾಗ ಸುಮಾರು ಮೂರು ಸೆಕೆಂಡು ಹಿಡಿಯಿತು. ‘ಓ2’ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿದಾಗ ಸಮಯ ಸೊನ್ನೆ ಎಂದು ಬಂತು. “ನೋಡಿ, ಎಷ್ಟು ವೇಗ!” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: “ಮೇಡಂ, ನೂರು ಕೋಟಿ ಸಲ ಕೂಡಿಸೋಕೆ ಸೊನ್ನೆ ಸೆಕೆಂಡಾ? ಅದು ಕೂಡಿಸೇ ಇಲ್ಲ ಅನ್ಸುತ್ತೆ.”

ನನ್ನ ಬಳಿ ಉತ್ತರವಿರಲಿಲ್ಲ. “ಪ್ರೊಸೆಸರ್ ಅಷ್ಟು ವೇಗವಾಗಿದೆ, ಕೂತ್ಕೊಳಮ್ಮ” ಎಂದು ಮುಂದೆ ಹೋದೆ. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಬರೆದರು: “ಆ ಪ್ರಶ್ನೆಯೇ ಇಂದಿನ ಪಾಠವಾಗಬೇಕಿತ್ತು.”

ಅಂದು ರಾತ್ರಿ ಕಂಪೈಲರ್ ಬರೆದ ಅಸೆಂಬ್ಲಿ ಸಂಕೇತವನ್ನು ತೆಗೆದು ನೋಡಿದೆ. ಲೂಪ್ ಅಲ್ಲಿ ಇರಲೇ ಇಲ್ಲ! ಮೊತ್ತವನ್ನು ನಾನು ಎಲ್ಲಿಯೂ ಮುದ್ರಿಸಿರಲಿಲ್ಲ. ಯಾರಿಗೂ ಬೇಡವಾದ ಲೆಕ್ಕವನ್ನು ಕಂಪೈಲರ್ ಕಿತ್ತುಹಾಕಿತ್ತು. ಹುಡುಗಿ ಹೇಳಿದ್ದೇ ಸರಿ.

ಎರಡನೆಯ ದಿನ: ಮೊದಲು ಅವಳ ಮಾತು ಸರಿ, ನನ್ನ ಮಾತು ತಪ್ಪು ಎಂದು ತರಗತಿಗೆ ಹೇಳಿದೆ. ಕೊನೆಯ ಸಂಖ್ಯೆಯನ್ನು ಕೀಬೋರ್ಡಿನಿಂದ ಪಡೆದು, ಮೊತ್ತವನ್ನು ಮುದ್ರಿಸುವಂತೆ ಪ್ರೋಗ್ರಾಂ ತಿದ್ದಿದೆವು. ಎರಡೂ ಸಲ ಉತ್ತರ 500000000500000000. ‘ಓ2’ ಕೊಟ್ಟಾಗ ಸಮಯ ಒಂದು ಸೆಕೆಂಡಿಗಿಂತ ಕಡಿಮೆ. ಕಾರಣ ತಿಳಿಸಲು ಒಂದು ಚಟುವಟಿಕೆ ಮಾಡಿಸಿದೆ. ಒಬ್ಬ ವಿದ್ಯಾರ್ಥಿ ಪ್ರತಿ ಮೊತ್ತವನ್ನೂ ಕಪ್ಪುಹಲಗೆಯಲ್ಲಿ ಬರೆದು, ಅಳಿಸಿ, ಮತ್ತೆ ಬರೆಯುತ್ತ ಕೂಡಿಸಿದ. ಇನ್ನೊಬ್ಬಳು ಮನಸ್ಸಿನಲ್ಲೇ ಕೂಡಿಸಿ ಕೊನೆಯ ಮೊತ್ತವನ್ನಷ್ಟೇ ಬರೆದಳು. ‘ಓ0’ ಚರಾಂಶವನ್ನು ಪ್ರತಿ ಹೆಜ್ಜೆಗೂ ಮೆಮೊರಿಯಲ್ಲಿ ಬರೆಯುತ್ತದೆ; ‘ಓ2’ ಅದನ್ನು ರಿಜಿಸ್ಟರಿನಲ್ಲೇ ಇಟ್ಟುಕೊಳ್ಳುತ್ತದೆ.

ಕೊನೆಗೆ, ಮೂಲ ಸಂಕೇತದಿಂದ ತಂತ್ರಾಂಶ ಕಟ್ಟುವಾಗ ಇದು ಎಲ್ಲಿ ಎದುರಾಗುತ್ತದೆ ಎಂದು ತಿಳಿಸಿದೆ. ಅನೇಕ ಮುಕ್ತ ತಂತ್ರಾಂಶಗಳ ‘ಕಾನ್ಫಿಗರ್’ ಕಡತ ತಾನಾಗಿಯೇ ‘ಓ2’ ಆರಿಸುತ್ತದೆ. ‘ಮಾರ್ಚ್=ನೇಟಿವ್’ ಸೇರಿಸಿದರೆ ಆ ಯಂತ್ರದ ಪ್ರೊಸೆಸರಿಗೇ ಹೊಂದಿಸಿ ಕಟ್ಟುತ್ತದೆ; ಅದನ್ನು ಲ್ಯಾಬಿನ ಹಳೆಯ ಕಂಪ್ಯೂಟರಿಗೆ ನಕಲಿಸಿದರೆ ಓಡದೆ ನಿಲ್ಲಬಹುದು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಸಮಯ ಹೋಲಿಸುವ ಮೊದಲು ಎರಡೂ ಉತ್ತರಗಳನ್ನು ಮುದ್ರಿಸಿ ಹೋಲಿಸಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಶುರುಮಾಡಿ.