ಹೊಸ ವೀಣೆಗೆ ಎಷ್ಟು ಮನೆ ಶ್ರುತಿ?

ವೀಣೆ ಮಾಡಿಸಿದೆ ಅಂದರೆ ಜನ ಮೊದಲು ಕೇಳುವುದು ಎಷ್ಟಾಯಿತು ಅಂತ. ಆಮೇಲೆ ಯಾವ ಮರ ಅಂತ. ಶ್ರುತಿ ಎಷ್ಟಕ್ಕೆ ಇಟ್ಟಿರಿ ಎಂದು ಕೇಳಿದವರು ನಮ್ಮ ಬೈರಮಂಗಲದಲ್ಲಿ ಒಬ್ಬರೂ ಇಲ್ಲ. ಕೇಳಲಿ ಎಂದು ನಾನೂ ಕಾಯಲಿಲ್ಲ. ಇಲ್ಲಿ ಜನರ ಬಾಯಲ್ಲಿರುವುದು ರೇಷ್ಮೆಗೂಡಿನ ರೇಟು, ಡೇರಿ ಹಾಲು, ಕೆರೆಯ ನೊರೆ, ಟೌನ್‌ಶಿಪ್ಪಿಗೆ ಹೋಗುತ್ತದೋ ಉಳಿಯುತ್ತದೋ ತಿಳಿಯದ ಜಮೀನು. ಆದರೆ ಮೇಷ್ಟ್ರಗಿರಿಯಿಂದ ನಿವೃತ್ತಳಾಗಿ, ಪಿಂಚಣಿ ದುಡ್ಡಿನಲ್ಲಿ ಹಲಸಿನ ಮರದ ವೀಣೆಯೊಂದನ್ನು ಮಾಡಿಸಿಕೊಂಡ ನನ್ನ ತಲೆ ತಿಂದದ್ದು ಆ ಪ್ರಶ್ನೆಯೇ.

ಅಂಗಡಿಯಲ್ಲಿ ಕೊಳ್ಳುವ ವೀಣೆಗೆ ಈ ತಾಪತ್ರಯವಿಲ್ಲ. ತಂತಿ ಎಳೆದು, ಮೆಟ್ಟಿಲು ಕೂರಿಸಿ ಮೇಳ ಕಟ್ಟುವುದೆಲ್ಲ ಮುಗಿದೇ ಬಂದಿರುತ್ತದೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡೂವರೆಗೋ ಮೂರಕ್ಕೋ ಕೂಡಿಸಿಟ್ಟಿರುತ್ತಾರೆ, ಹಾಗೇ ನುಡಿಸಿಕೊಂಡು ಹೋಗಬಹುದು. ಮಾಡಿಸುವ ವೀಣೆಯ ಕಥೆ ಬೇರೆ. ನೆಲಮಂಗಲ ತಾಲ್ಲೂಕಿನ ಸಿಂಗರಾಜಪುರ ವೀಣೆಗೆಂದೇ ಹೆಸರಾದ ಊರು. ಅಲ್ಲಿನ ಪೆನ್ನ ಓಬಳಯ್ಯನವರಿಗೆ ಇಳಿವಯಸ್ಸಿನಲ್ಲಿ ಸಂಗೀತ ನಾಟಕ ಅಕಾಡೆಮಿಯ ಅಮೃತ ಪ್ರಶಸ್ತಿ ಬಂದಾಗ ಪೇಪರಿನಲ್ಲಿ ಓದಿ, ನಮ್ಮಿಂದ ಮಾಗಡಿ ದಾಟಿದರೆ ಇಂಥದೊಂದು ಕೆಲಸ ಇನ್ನೂ ನಡೆದಿದೆಯಲ್ಲ ಎಂದು ಆಶ್ಚರ್ಯಪಟ್ಟಿದ್ದೆ. ನನಗೆ ಮಾಡಿಕೊಟ್ಟವರು ಆ ಸೀಮೆಯಲ್ಲೇ ಕೈ ಪಳಗಿದ ಒಬ್ಬ ಆಚಾರ್ರು. ಕೊಡ ಕೊರೆದು, ದಂಡಿ ಕೂಡಿಸಿ, ಹಲಗೆ ಮುಚ್ಚಿ, ಇನ್ನು ತಂತಿ ಎಳೆಯಬೇಕು ಅನ್ನುವಾಗ ಫೋನ್ ಮಾಡಿದರು. “ಎಷ್ಟು ಮನೆಗೆ ಬೇಕು ಹೇಳಿಬಿಡಿ ಅಮ್ಮ. ಮೇಳ ಕಟ್ಟಿದ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ.”

ಏಕೆ ಕಷ್ಟ ಎಂಬುದು ವೀಣೆ ಗೊತ್ತಿಲ್ಲದವರಿಗೆ ತಿಳಿಯಲಿಕ್ಕಿಲ್ಲ. ವೀಣೆಯ 24 ಮೆಟ್ಟಿಲುಗಳನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ದಂಡಿಯ ಎರಡು ಅಂಚಿನಲ್ಲಿ ಕಪ್ಪು ಬೆರೆಸಿದ ಮೇಣದ ಕಟ್ಟೆ ಕಟ್ಟಿ, ಅದು ಬಿಸಿಯಿರುವಾಗಲೇ ಒಂದೊಂದು ಮೆಟ್ಟಿಲನ್ನೂ ಕಿವಿಯಿಂದ ಕೇಳಿ ಒತ್ತಿ ಕೂರಿಸುತ್ತಾರೆ. ತಂತಿ ಒತ್ತಿದಾಗ ಅದರ ಬಿಗಿ ಒಂದಿಷ್ಟು ಏರುತ್ತದೆ, ಸ್ವರವೂ ಕೂದಲೆಳೆಯಷ್ಟು ಏರುತ್ತದೆ. ಆ ಏರಿಕೆ ಎಷ್ಟೆಂಬುದು ತಂತಿಯ ದಪ್ಪ ಮತ್ತು ಬಿಗಿಯ ಮೇಲೆ ಹೋಗುತ್ತದೆ. ಮೇಳ ಕಟ್ಟುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಮೆಟ್ಟಿಲಿಡುವುದು. ಆಮೇಲೆ ತಂತಿಯ ನಂಬರು ಬದಲಾಯಿಸಿದರೆ ಅಥವಾ ಶ್ರುತಿಯನ್ನು ಒಂದು ಮನೆ ಏರಿಳಿಸಿದರೆ ಗಾಂಧಾರವೋ ಧೈವತವೋ ಮೆಲ್ಲಗೆ ಸರಿದಿರುತ್ತದೆ. ಬೇರೆಯವರಿಗೆ ಕೇಳದಿರಬಹುದು, ನುಡಿಸುವವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ.

ದುಬೈಯಲ್ಲಿರುವ ನನ್ನ ತಮ್ಮನ ಮಗ ಅದೇ ಕಾಲಕ್ಕೆ ಕೈಯಲ್ಲಿ ಮಾಡಿದ ಊದ್ ಒಂದನ್ನು ಕೊಂಡಿದ್ದ. “ಅತ್ತೆ, ನನಗೂ ನಿಮ್ಮದೇ ತಲೆನೋವು. ಅರಬರ ಕ್ರಮದಲ್ಲಿ ಕೂಡಿಸಲೋ, ತುರ್ಕರ ಕ್ರಮದಲ್ಲೋ?” ಎಂದು ಕೇಳಿದ. ತುರ್ಕರು ಅರಬರಿಗಿಂತ ಸಾಮಾನ್ಯವಾಗಿ ಒಂದು ಪೂರ್ತಿ ಸ್ವರ ಮೇಲಿಟ್ಟು ನುಡಿಸುತ್ತಾರಂತೆ. ನಾನು ಹೇಳಿದೆ, ನಿನ್ನದಕ್ಕೆ ಮೆಟ್ಟಿಲೇ ಇಲ್ಲ ಕಣೋ, ಇವತ್ತು ಹೀಗೆ ನಾಳೆ ಹಾಗೆ ಇಟ್ಟುಕೋ. ತಂತಿ ಮಾತ್ರ ಅದಕ್ಕೆ ತಕ್ಕದ್ದಿರಲಿ. ನನ್ನದು ಮೇಣ ಹಾಕಿದ ಮೇಲೆ ಮುಗಿಯಿತು.

ನನ್ನ ಮುಂದಿದ್ದ ಅಂಕಿಗಳು ಮೂರು. ನನಗೆ ವೀಣೆ ಕಲಿಸುವ ಟೀಚರ್ ಹೇಳಿದ್ದು ಮೂರು ಮನೆ. ಕಛೇರಿಯ ವೀಣೆಗಳು ಹೆಚ್ಚಾಗಿ ಅದರ ಆಸುಪಾಸಿನಲ್ಲೇ ಇರುತ್ತವೆ, ನಾದ ಮಿಂಚುತ್ತದೆ. ನನ್ನ ಮನಸ್ಸಿಗೆ ಹಿಡಿದದ್ದು ಇನ್ನೂ ತಗ್ಗಿನ ನಾದ. ಚಿಕ್ಕಂದಿನಿಂದ ಆಕಾಶವಾಣಿಯಲ್ಲಿ ವಿ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಕೇಳಿ ಬೆಳೆದ ಕಿವಿಗೆ ವೀಣೆಯೆಂದರೆ ಅವಸರವಿಲ್ಲದ, ತುಂಬಿದ ದನಿ. ಮೂರನೆಯದು ಸೊಸೆಯ ಕಂಠ. ಅವಳು ಹಾಡುವುದು ಐದು ಮನೆಗೆ. ಶನಿವಾರ ಸಂಜೆ ದೇವರನಾಮಕ್ಕೆ ಅವಳು ಹಾಡಬೇಕು, ನಾನು ನುಡಿಸಬೇಕು. ವೀಣೆ ಮಾಡಿಸಿದ ಮೂಲ ಉದ್ದೇಶವೇ ಅದು, ಕಛೇರಿಯಲ್ಲ. ವೀಣೆಯನ್ನು ಐದಕ್ಕೆ ಏರಿಸಿದರೆ ತಂತಿಯ ಬಿಗಿ ಅತಿಯಾಗುತ್ತದೆ. ಅವಳನ್ನು ಮೂರಕ್ಕೆ ಇಳಿಸಿದರೆ ಮಂದ್ರ ಪಂಚಮದಲ್ಲಿ ಗಂಟಲು ಕಟ್ಟಿದಂತಾಗುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಮಧ್ಯಮ ಶ್ರುತಿಯಲ್ಲಿ. ಪುನ್ನಾಗವರಾಳಿ, ನಾದನಾಮಕ್ರಿಯೆಯಂಥ ರಾಗಗಳಿಗೆ ವೀಣೆಯ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ನುಡಿಸುವ ಪದ್ಧತಿ ಹಳೆಯದು. ವೀಣೆ ಎರಡು ಮನೆಗೆ ಕೂಡಿದ್ದರೆ ಅದರ ಶುದ್ಧ ಮಧ್ಯಮ ಸರಿಯಾಗಿ ಐದು ಮನೆಗೆ ಬಂದು ನಿಲ್ಲುತ್ತದೆ. ಸಾರಣಿಯ, ಅಂದರೆ ನುಡಿಸುವ ಮೊದಲ ತಂತಿಯ, ಐದನೇ ಮೆಟ್ಟಿಲೇ ಸೊಸೆಯ ಷಡ್ಜ. ತೆರೆದ ಸಾರಣಿ ಆಗ ಪಂಚಮವಾಗುತ್ತದೆ. ಪಂಚಮ, ಅನುಮಂದ್ರ, ತಾಳದ ಪಂಚಮ ಈ ಮೂರು ತಂತಿಗಳನ್ನು ಒಂದು ಸ್ವರ ಇಳಿಸಿ ಮಧ್ಯಮಕ್ಕೆ ಸೇರಿಸಿದರೆ ಅವೆಲ್ಲ ಹೊಸ ಷಡ್ಜವನ್ನೇ ನುಡಿಯುತ್ತವೆ. ಬಿರಡೆಯಲ್ಲಿ ಮುಕ್ಕಾಲು ಭಾಗ ತಿರುಗಿಸಿ, ಉಳಿದ ಕೂದಲೆಳೆಯನ್ನು ನಾಗಪಾಶದ ಕಡೆಯ ಉಂಗುರ ಸರಿಸಿ ತಿದ್ದಿಕೊಳ್ಳುತ್ತೇನೆ. ಕಾಫಿ ಆರುವುದರೊಳಗೆ ಮುಗಿಯುವ ಕೆಲಸ.

ಟೀಚರಿಗೆ ಇದು ಹಿಡಿಸಲಿಲ್ಲ. ಎಲ್ಲಾ ರಾಗಕ್ಕೂ ಮಧ್ಯಮ ಶ್ರುತಿಯೇ, ಶಾಸ್ತ್ರ ಏನಾಯಿತು ಎಂದರು. ಕಛೇರಿಗಾದರೆ ಅವರ ಮಾತು ಸರಿ. ಆದರೆ ತೆರೆದ ತಂತಿಗಳನ್ನು ಯಾವುದಕ್ಕೆ ಸೇರಿಸಬೇಕೆಂಬ ವಿಚಾರದಲ್ಲಿ ನಮ್ಮ ಶಾಸ್ತ್ರ ಒಂದೇ ದಾರಿ ಹಿಡಿದು ಬಂದದ್ದೇನಲ್ಲ. ವಿಜಯನಗರದ ಅಳಿಯ ರಾಮರಾಯನ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆ ಕೂಡಿಸುವ ಬಗೆ ಒಂದಕ್ಕಿಂತ ಹೆಚ್ಚಿವೆ. ಅವನ ಶುದ್ಧಮೇಳ ವೀಣೆಯಲ್ಲಿ ನುಡಿಸುವ ತಂತಿ ತೆರೆದಾಗ ಮಧ್ಯಮವೇ ಬರುತ್ತಿತ್ತು. ಪಂಚಮ, ಷಡ್ಜ, ಪಂಚಮ, ಷಡ್ಜ ಎಂದು ಸಾಗುವ ಇಂದಿನ ಕ್ರಮ ಅವನು ಮಧ್ಯಮೇಳ ವೀಣೆ ಎಂದದ್ದಕ್ಕೆ ಹತ್ತಿರ. ಹಾಗಾಗಿ ಶನಿವಾರ ಸಂಜೆಯ ನನ್ನ ಸ್ವಾತಂತ್ರ್ಯಕ್ಕೆ ಹಂಪೆಯಷ್ಟು ಹಳೆಯ ಆಧಾರವಿದೆ ಎಂದು ವಾದಿಸಿದೆ. ಟೀಚರ್ ನಕ್ಕು ಸುಮ್ಮನಾದರು. ಒಪ್ಪಿದರೆಂದು ನಾನು ಅಂದುಕೊಂಡಿಲ್ಲ.

ಎರಡು ಮನೆ ಎಂದು ತೀರ್ಮಾನವಾದರೂ ಆಚಾರ್ರ ಒಂದು ಆಕ್ಷೇಪ ಉಳಿದಿತ್ತು. “ತಂತಿ ಸಡಿಲ ಬೀಳ್ತದೆ ಅಮ್ಮ, ಮೆಟ್ಟಿಲಿಗೆ ಬಡಿದು ಜುಂ ಅಂತದೆ.” ಇದು ಲೆಕ್ಕಕ್ಕೆ ಸಿಗುವ ವಿಷಯ, ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು ಬಿಡುತ್ತೇನೆಯೇ? ತಂತಿಯ ಬಿಗಿ ಕಂಪನದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಮೂರು ಮನೆಯ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 165 ಕಂಪನ, ಎರಡು ಮನೆಗೆ ಸುಮಾರು 147. ಸ್ವರದಲ್ಲಿ ಇಳಿದದ್ದು ಶೇಕಡ 11. ಬಿಗಿಯಲ್ಲಿ ಇಳಿಯುವುದು ಶೇಕಡ 20ಕ್ಕೂ ಮೇಲೆ. ನನ್ನ ವೀಣೆಯ ಅಳತೆಗೆ ತೆಳು ಸಾರಣಿ ಮೂರರಲ್ಲಿ ಐದು ಕಿಲೋ ಹತ್ತಿರ ಎಳೆಯುತ್ತದೆ, ಎರಡರಲ್ಲಿ ನಾಲ್ಕೂ ಮುಟ್ಟುವುದಿಲ್ಲ. ಆಚಾರ್ರು ಕಿವಿಯಿಂದ ಹೇಳಿದ್ದನ್ನೇ ಪೆನ್ನು ಹೇಳಿತು. ಪರಿಹಾರವೂ ಅದೇ ಲೆಕ್ಕದಲ್ಲಿದೆ. ಸಾರಣಿಗೆ ಒಂದು ನಂಬರು ದಪ್ಪ ತಂತಿ ಹಾಕಿದರೆ, ಅಂದರೆ 0.32 ಮಿ.ಮೀ. ಇದ್ದಲ್ಲಿ 0.35ರ ಆಸುಪಾಸು, ಎರಡು ಮನೆಯಲ್ಲೂ ಬಿಗಿ ಹೆಚ್ಚುಕಡಿಮೆ ಮೊದಲಿನಷ್ಟೇ ನಿಲ್ಲುತ್ತದೆ. ಕೊಳ್ಳುವಾಗ ಗಮನವಿರಲಿ, ತಂತಿಯ ನಂಬರು ದೊಡ್ಡದಾದಷ್ಟೂ ತಂತಿ ತೆಳು. ಉಳಿದ ತಂತಿಗಳಿಗೂ ಹೀಗೇ ಒಂದೊಂದು ನಂಬರು ಇಳಿಸಿದೆವು. ಬೆರಳಿಗೆ ಮೊದಮೊದಲು ನೋವು. ಗಮಕಕ್ಕೆ ತಂತಿ ಎಳೆಯುವಾಗ ದಪ್ಪ ತಂತಿ ತೋರುಬೆರಳಿಗೆ ಹೆಚ್ಚೇ ಗೆರೆ ಕೊರೆಯುತ್ತದೆ, ಆಮೇಲೆ ಚರ್ಮ ಒಗ್ಗಿಕೊಳ್ಳುತ್ತದೆ.

ಇನ್ನೊಂದು ವಿಷಯ ತಾಳ್ಮೆಯದು. ಹೊಸ ಮರ ತಂತಿಯ ಎಳೆತಕ್ಕೆ ಒಗ್ಗಬೇಕು. ಹಲಸು ಹಗುರ, ಹುಳು ಹತ್ತುವುದು ಕಡಿಮೆ, ಮೃದಂಗಕ್ಕೂ ಅದೇ ಬೇಕು. ಆದರೂ ದಂಡಿ ಮೊದಲ ವರ್ಷ ಒಂದಿಷ್ಟು ಬಾಗಿ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆದ್ದರಿಂದ ಮೊದಲ ಮೇಳ ಕೊನೆಯ ಮೇಳವಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಆಚಾರ್ರನ್ನು ಮನೆಗೇ ಕರೆಸಿ ಮತ್ತೆ ಮೇಳ ಕಟ್ಟಿಸಿದೆ. ಹೊಸತರಲ್ಲಿ ನಾದ ಸ್ವಲ್ಪ ಕಟ್ಟಿದಂತಿತ್ತು, ಈಗ ಬಿಟ್ಟಿದೆ. ಮೈಸೂರಿನ ಕಡೆಯವರು ಬೀಟೆಯೇ ಮೇಲು ಅನ್ನುತ್ತಾರೆ. ಅದರ ಗಟ್ಟಿತನ, ಹೊಳಪು ನಿಜ. ತೊಡೆಯ ಮೇಲೆ ಅದರ ಭಾರವೂ ನಿಜ. ಅರವತ್ತು ದಾಟಿದ ಮೊಣಕಾಲಿಗೆ ಹಲಸೇ ಸರಿ.

ಬಿರಡೆ ಜಾರುವ ಕಾಟ ಕೆಲವು ದಿನ ಇತ್ತು. ಹೊಸದನ್ನು ಚನ್ನಪಟ್ಟಣದಲ್ಲಿ ಕಡೆಸೋಣ, ಹತ್ತಿರವಾಯಿತು ಎಂದು ಬೊಂಬೆ ಕಡೆಯುವ ಪರಿಚಯದವರೊಬ್ಬರ ಬಳಿ ಹೋದೆ. ಅವರು ಹಳೆಯ ಬಿರಡೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಆಲೆ ಮರದಲ್ಲಿ ಇದು ಆಗದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಲೆ ಮೆದು, ಬಿಳುಪು, ಅರಗು ಚೆನ್ನಾಗಿ ಹಿಡಿಯುತ್ತದೆ. ಬೊಂಬೆಗೆ ಅದಕ್ಕಿಂತ ಒಳ್ಳೆಯದಿಲ್ಲ. ದಿನವೂ ತಿರುಚಿಸಿಕೊಳ್ಳುವ ಬಿರಡೆಗೆ ಬೀಟೆಯಂಥ ಗಟ್ಟಿ ಮರ ಬೇಕು. ಒಂದು ತುಂಡು ಬೀಟೆ ಒದಗಿಸಿದ ಮೇಲೆ ಹಳೆಯದರ ಇಳಿಜಾರನ್ನೇ ಅಳತೆ ಹಿಡಿದು ಕಡೆದುಕೊಟ್ಟರು. ಒಂದಿಷ್ಟು ಸೀಮೆಸುಣ್ಣದ ಪುಡಿ ಸವರಿದರೆ ಈಗ ಅಲ್ಲಾಡುವುದಿಲ್ಲ.

ಬೈರಮಂಗಲದಲ್ಲಿ ವೀಣೆ ಇಟ್ಟುಕೊಳ್ಳುವವರಿಗೆ ಬೇರೆ ಯಾವ ಊರಿನಲ್ಲೂ ಹೇಳಬೇಕಿಲ್ಲದ ಒಂದು ಮಾತಿದೆ. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ತಂದು ಸುರಿಯುವುದು ನಮ್ಮ ಕೆರೆಗೆ. ಗಾಳಿ ಈ ಕಡೆ ತಿರುಗಿದ ಸಂಜೆ ಕಿಟಕಿ ಮುಚ್ಚದೆ ಗತಿಯಿಲ್ಲ. ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಹಿತ್ತಾಳೆ, ತಾಮ್ರ, ಬೆಳ್ಳಿ ಯಾವುದನ್ನೂ ಬಿಡುವುದಿಲ್ಲ. ದೇವರ ಮನೆಯ ದೀಪ ಕಪ್ಪಾಗುವುದನ್ನು ನೋಡಿ ನಮಗೆ ಅಭ್ಯಾಸ. ಮಂದ್ರ, ಅನುಮಂದ್ರದ ಹಿತ್ತಾಳೆ ತಂತಿಗಳೂ ಹಾಗೇ ಕಪ್ಪಾಗಿ ನಾದ ಸತ್ತುಹೋಗುವುದನ್ನು ಇಲ್ಲಿಯೇ ಕಂಡೆ. ಟೀಚರ ಮನೆಯಲ್ಲಿ ವರ್ಷಗಟ್ಟಲೆ ಬರುವ ತಂತಿ ನನ್ನಲ್ಲಿ ಕೆಲವೇ ತಿಂಗಳು. ನುಡಿಸಿ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸುತ್ತೇನೆ, ಉಕ್ಕಿನ ತಂತಿಗೆ ಕೊಬ್ಬರಿ ಎಣ್ಣೆ ಸವರುತ್ತೇನೆ, ಹತ್ತಿಯ ಗವಸಿನ ಮೇಲೆ ಕಂಬಳಿ ಹೊದಿಸುತ್ತೇನೆ. ಇಷ್ಟು ಮಾಡಿದರೂ ಮಂದ್ರದ ತಂತಿಯ ಒಂದು ಸುರುಳಿ ಯಾವಾಗಲೂ ಬೀರುವಿನಲ್ಲಿ ಇರಲೇಬೇಕು. ಅದು ಸಂಗೀತದ ಖರ್ಚಲ್ಲ, ಕೆರೆಯ ಖರ್ಚು.

ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ವೀಣೆ ಬಿಟ್ಟು ಮದುವೆ ಊಟಕ್ಕೆ ಹೋಗಬೇಡಿ ಎಂಬುದನ್ನು ಹೇಳಬೇಕಾಗಿಲ್ಲ. ಮೇಣ ಎಂದ ಮೇಲೆ ತಿಳಿಯುತ್ತದೆ.

ಎಲೆಕ್ಟ್ರಾನಿಕ್ ತಂಬೂರಿ ಒಂದು ಮನೆಯಲ್ಲಿರಲಿ. ಮಾಡುತ್ತಿರುವ ವೀಣೆಯನ್ನು ನೆಚ್ಚಿ ಶ್ರುತಿ ಆರಿಸಲಾಗದು; ಆ ಪೆಟ್ಟಿಗೆಯನ್ನು ಎರಡು, ಎರಡೂವರೆ, ಮೂರು ಎಂದು ತಿರುಗಿಸಿಕೊಂಡು, ವೀಣೆಯ ಜೊತೆ ಹಾಡುವವರನ್ನು ಕೂರಿಸಿ ಹಾಡಿಸಿ. ಜೊತೆಗೆ ಹಾಡುವವರಿಲ್ಲ, ನುಡಿಸುವುದೊಂದೇ ಎಂದಾದರೆ ನನ್ನ ದಾರಿ ನಿಮಗೆ ಬೇಡ; ಟೀಚರ ಮಾತು ಕೇಳಿ ಮೂರಕ್ಕೇ ಇಡಿ, ತೆಳು ತಂತಿ ಹಾಕಿ. ಹಾಡುವವರಿದ್ದರೆ ಅವರ ಷಡ್ಜದಿಂದ ಮೂರು ಮನೆ ಕೆಳಗಿಳಿದು ನೋಡಿ. ಐದಕ್ಕೆ ಹಾಡುವವರಿಗೆ ಎರಡು, ಐದೂವರೆಗೆ ಎರಡೂವರೆ. ಯಾವುದೇ ಆಗಲಿ, ಆಚಾರ್ರಿಗೆ ಮುಂಗಡ ಕೊಡುವ ದಿನವೇ ಹೇಳಿಬಿಡಿ. ಅವರು ದಂಡಿಯ ದಪ್ಪ, ಕುದುರೆಯ ಎತ್ತರ, ತಂತಿಯ ನಂಬರು ಎಲ್ಲವನ್ನೂ ಅದಕ್ಕೆ ಹೊಂದಿಸುತ್ತಾರೆ.