ಫೋನಿನ ಕಿರಿಕಿರಿ ನಿಲ್ಲಿಸಿದ್ದು ಹೀಗೆ

ವೀರನಹೊಸಹಳ್ಳಿಯಲ್ಲಿ ನನ್ನದು ಎರಡು ಎಕರೆ ಮೂವತ್ತು ಗುಂಟೆ ಜಮೀನು. ಒಂದೂವರೆ ಎಕರೆಗೆ ಹೊಗೆಸೊಪ್ಪು, ಉಳಿದದ್ದಕ್ಕೆ ರಾಗಿ, ಸಾಲಿನ ನಡುವೆ ಅವರೆ, ಹುಚ್ಚೆಳ್ಳು. ಹೊಲದ ತುದಿಯಲ್ಲಿ ನಿಂತರೆ ನಾಗರಹೊಳೆ ಕಾಡು ಕಾಣುತ್ತದೆ. ಕಂದಕ, ರೈಲುಕಂಬಿ ಬೇಲಿ ಏನೇ ಇದ್ದರೂ ಆನೆಗೆ ದಾರಿ ಹುಡುಕುವುದು ಗೊತ್ತು. ಅದಕ್ಕೇ ರಾಗಿ ತೆನೆ ಬಲಿಯುವ ಹೊತ್ತಿಗೆ ನಾವು ಐದು ಹೊಲದವರು ಸರದಿ ಮೇಲೆ ರಾತ್ರಿ ಕಾವಲು ಕೂರುತ್ತೇವೆ. ಕಾವಲಿನವನು ಸದ್ದು ಕೇಳಿದ ತಕ್ಷಣ ಉಳಿದವರಿಗೆ ಫೋನ್ ಮಾಡಬೇಕು, ಎಲ್ಲರೂ ಎದ್ದು ಬಂದು ಕೂಗು ಹಾಕಬೇಕು. ಇದು ನಮ್ಮ ಏರ್ಪಾಡು.

ಹೋದ ಸುಗ್ಗಿಯಲ್ಲಿ ಒಂದು ರಾತ್ರಿ ಆ ಫೋನ್ ಬಂತು. ನನಗೆ ಕೇಳಿಸಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಇಪ್ಪತ್ತು ಗುಂಟೆ ರಾಗಿ ನೆಲಕ್ಕೆ ಮಲಗಿತ್ತು. ಪಕ್ಕದ ಹೊಲದವನು, ವರಸೆಯಲ್ಲಿ ನನಗೆ ಭಾಮೈದ, ಬದುವಿನ ಮೇಲೆ ಕೂತಿದ್ದ. "ಏಳು ಸಲ ಮಾಡಿದ್ನಲ್ಲ ಭಾವ, ಒಂದ್ಸಲ ಎತ್ತಬಾರ್ದಾ?" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಫೋನನ್ನು ನಾನೇ ಸೈಲೆಂಟ್ ಮಾಡಿ ಮಲಗಿದ್ದೆ.

ಯಾಕೆ ಸೈಲೆಂಟ್ ಮಾಡಿದೆ ಅಂದರೆ, ಅದಕ್ಕೆ ಹದಿನೈದು ದಿನದಿಂದ ಆ ಫೋನು ಹಗಲು ರಾತ್ರಿ ಟಿಣ್ ಟಿಣ್ ಅನ್ನುತ್ತಲೇ ಇತ್ತು. "ನಿಮ್ಮ ಫೋನಿಗೆ ವೈರಸ್ ಬಂದಿದೆ", "ನಿಮಗೆ ಬಹುಮಾನ ಬಂದಿದೆ", "ಐದು ನಿಮಿಷದಲ್ಲಿ ಸಾಲ" — ಹೀಗೆ. ಗಂಟೆಗೆ ಹತ್ತು ಹನ್ನೆರಡು. ಫೋನೇ ಕೆಟ್ಟಿದೆ ಅಂದುಕೊಂಡಿದ್ದೆ. ಹೊಸದು ಕೊಳ್ಳಲು ಹೊಗೆಸೊಪ್ಪಿನ ದುಡ್ಡು ಬರಲಿ ಅಂತ ಕಾಯುತ್ತಿದ್ದೆ.

ಬಾಗಿಲು ತೆಗೆದವರು ಯಾರು?

ಹುಣಸೂರಿನಲ್ಲಿ ಡಿಗ್ರಿ ಓದುವ ನನ್ನ ತಮ್ಮನ ಮಗಳು ಫೋನ್ ಕೈಗೆ ತಗೊಂಡು ಎರಡು ನಿಮಿಷ ನೋಡಿದಳು. "ಫೋನ್ ಚೆನ್ನಾಗೇ ಇದೆ ದೊಡ್ಡಪ್ಪ. ಇವರನ್ನೆಲ್ಲ ನೀವೇ ಒಳಕ್ಕೆ ಕರ್ಕೊಂಡಿದ್ದೀರ" ಅಂದಳು.

ಆಮೇಲೆ ನೆನಪಾಯಿತು. ಕಟ್ಟೆಮಳಲವಾಡಿ ಹರಾಜಿನಲ್ಲಿ ಅವತ್ತಿನ ರೇಟು ಏನಿದೆ ಅಂತ ಹುಡುಕುವಾಗ ಯಾವುದೋ ಪುಟ ತೆರೆದಿತ್ತು. "ನೀವು ಮನುಷ್ಯರೇ ಎಂದು ತೋರಿಸಲು ಅಲೋ ಒತ್ತಿ" ಅಂತ ಬರೆದಿತ್ತು. ನಾವು ಫೋನೆತ್ತಿ "ಅಲೋ" ಅನ್ನುವಷ್ಟೇ ಸಲೀಸಾಗಿ ಒತ್ತಿಬಿಟ್ಟೆ. ಈ "ಅಲೋ" ಅಂದರೆ ಅನುಮತಿ ಕೊಟ್ಟೆ ಅಂತ. ಯಾವಾಗ ಬೇಕಾದರೂ ನನ್ನ ಫೋನಿಗೆ ಸೂಚನೆ ಕಳಿಸಬಹುದು ಅಂತ ಆ ಪುಟದವರಿಗೆ ನಾನೇ ಬರೆದುಕೊಟ್ಟ ಹಾಗೆ. ಮನುಷ್ಯನೋ ಅಲ್ಲವೋ ಅನ್ನುವುದಕ್ಕೂ ಈ ಗುಂಡಿಗೂ ಸಂಬಂಧವೇ ಇಲ್ಲ.

ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಆ್ಯಪ್‌ಗೆ ಬ್ರೌಸರ್ ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಆಂಡ್ರಾಯ್ಡ್ ಫೋನಿನಲ್ಲಿ ಇರುವುದು ಕ್ರೋಮ್. ಪುಟ ಮುಚ್ಚಿದ ಮೇಲೂ ಅದರಿಂದ ಸೂಚನೆ ಬರುವ ಸೌಕರ್ಯ ಕ್ರೋಮ್‌ಗೆ ಸೇರಿದ್ದು 2015ರಲ್ಲಿ. ಸುದ್ದಿ, ಹವಾಮಾನ ತಿಳಿಯಲು ಅನುಕೂಲವಾಗಲಿ ಅಂತ ಬಂದದ್ದು. ಮೋಸದವರಿಗೂ ಅದೇ ದಾರಿಯಾಯಿತು.

ಮುಚ್ಚುವ ಕ್ರಮ

ನಾನು ಮಾಡಿದ್ದನ್ನೇ ಒಂದೊಂದಾಗಿ ಬರೆಯುತ್ತೇನೆ. ನಮ್ಮ ಕಡೆ ಹೆಚ್ಚಿನ ಫೋನುಗಳಲ್ಲಿ ಇಂಗ್ಲಿಷ್ ಹೆಸರುಗಳೇ ಇರುವುದರಿಂದ ಅವನ್ನೇ ಕೊಟ್ಟಿದ್ದೇನೆ. ಫೋನಿಂದ ಫೋನಿಗೆ ಹೆಸರು ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

1. ಸೂಚನೆಗಳು: ಕ್ರೋಮ್ ತೆರೆಯಿರಿ. ಬಲಗಡೆ ಮೇಲಿನ ಮೂರು ಚುಕ್ಕೆ ಒತ್ತಿ, "ಸೆಟ್ಟಿಂಗ್ಸ್"ಗೆ ಹೋಗಿ. ಕೆಳಗೆ "ಸೈಟ್ ಸೆಟ್ಟಿಂಗ್ಸ್" ಇರುತ್ತದೆ. ಅದರೊಳಗೆ "ನೋಟಿಫಿಕೇಶನ್ಸ್". ಅಲ್ಲಿ ಸೂಚನೆ ಬೇಡ ಅಂತ ಗುರುತು ಮಾಡಿ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೇಲಿನ ಗುಂಡಿ ಆರಿಸಿ, ಕೆಲಸ ಮುಗಿಯಿತು ಅಂತ ಎದ್ದೆ. ಮಾರನೇ ದಿನವೂ ಟಿಣ್ ಟಿಣ್ ನಿಲ್ಲಲಿಲ್ಲ. ಮೇಲಿನ ಗುಂಡಿ ಹೊಸಬರನ್ನು ಮಾತ್ರ ತಡೆಯುತ್ತದೆ. ಮೊದಲೇ ಅನುಮತಿ ಪಡೆದವರ ಪಟ್ಟಿ ಅದೇ ಪುಟದಲ್ಲಿ ಕೆಳಗೆ ಇರುತ್ತದೆ. ಒಂದೊಂದು ಹೆಸರನ್ನೂ ಒತ್ತಿ ಅನುಮತಿ ತೆಗೆಯಬೇಕು. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು. ಗುರುತು ಸಿಕ್ಕಿದ್ದು ಒಂದೇ, ಅದು ಸುದ್ದಿಯದು.

2. ಮೇಲೆರಗುವ ಕಿಟಕಿಗಳು: ಅದೇ "ಸೈಟ್ ಸೆಟ್ಟಿಂಗ್ಸ್"ನಲ್ಲಿ "ಪಾಪ್-ಅಪ್ಸ್ ಆ್ಯಂಡ್ ರೀಡೈರೆಕ್ಟ್ಸ್" ಇದೆ. ಒಂದು ಪುಟ ನೋಡುತ್ತಿರುವಾಗ ಇನ್ನೊಂದು ತಾನಾಗಿ ತೆರೆಯುವುದನ್ನು ಇದು ತಡೆಯುತ್ತದೆ. ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ತೆರೆದಿದ್ದರೆ ಮುಚ್ಚಿ.

ಈ ಕಿಟಕಿಯ ಕಾಟ ಇಂದು ನಿನ್ನೆಯದಲ್ಲ. ಅಮೆರಿಕದ ಈತನ್ ಝಕರ್‌ಮನ್ ಎಂಬವರು 1990ರ ದಶಕದಲ್ಲಿ, ಜಾಹೀರಾತು ಪುಟಕ್ಕೆ ಅಂಟಿಕೊಳ್ಳದೆ ಬೇರೆ ಕಿಟಕಿಯಲ್ಲಿ ಬರಲಿ ಅಂತ ಇದಕ್ಕೆ ಬೇಕಾದ ಕೋಡ್ ಬರೆದರು. 2014ರಲ್ಲಿ ಅವರೇ ಲೇಖನ ಬರೆದು ಜನರ ಕ್ಷಮೆ ಕೇಳಿದರು. ಮಾಡಿದವರಿಗೇ ಬೇಡವಾದದ್ದನ್ನು ನಾವೇಕೆ ಸಹಿಸಬೇಕು?

3. ಸ್ಥಳ, ಕ್ಯಾಮೆರಾ, ಮೈಕ್: ಇವು ಮೂರೂ "ಸೈಟ್ ಸೆಟ್ಟಿಂಗ್ಸ್"ನಲ್ಲೇ ಬೇರೆ ಬೇರೆ ಇವೆ. ರೇಟು ನೋಡಲು ತೆರೆದ ಪುಟಕ್ಕೆ ನಾವು ಎಲ್ಲಿದ್ದೇವೆ ಅನ್ನುವುದು ಬೇಕಾಗಿಲ್ಲ. ಆದರೆ ಇದನ್ನು ಬ್ರೌಸರ್ ಒಳಗೆ ಮಾತ್ರ ಮುಚ್ಚಿ, ಇಡೀ ಫೋನಿನ ಲೊಕೇಶನ್ ಆರಿಸಬೇಡಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೊ ಹಾಕುವಾಗ ಅದು ಬೇಕೇ ಬೇಕು.

4. ಹೊರಗಿನ ಆ್ಯಪ್‌ಗಳು: ದುಡ್ಡಿನ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಮುಖ್ಯ. ಪಿಎಂ ಕಿಸಾನ್ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ ಎಪಿಕೆ ಅನ್ನುವ ಫೈಲ್ ಕಳಿಸಿ, ಅದನ್ನು ಫೋನಿಗೆ ಹಾಕಿಸಿ, ಒಟಿಪಿ ಕದ್ದು ಖಾತೆ ಬರಿದು ಮಾಡುವ ಮೋಸ ನಡೆಯುತ್ತಿದೆ. ಇದರ ಬೀಗ ಕ್ರೋಮ್ ಒಳಗಿಲ್ಲ, ಫೋನಿನ ಸೆಟ್ಟಿಂಗ್ಸ್‌ನಲ್ಲಿದೆ. ಅಲ್ಲಿ "ಆ್ಯಪ್ಸ್", ಅದರಲ್ಲಿ "ಸ್ಪೆಷಲ್ ಆ್ಯಪ್ ಆ್ಯಕ್ಸೆಸ್", ಅದರಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್". ಕ್ರೋಮ್ ಮತ್ತು ವಾಟ್ಸಾಪ್ ಎರಡರ ಮುಂದೆಯೂ ಬೇಡ ಅಂತ ಇರಲಿ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಗಡೆ ಹುಡುಕುವ ಜಾಗದಲ್ಲಿ "ಅನ್‌ನೋನ್" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ.

5. ಕಾರ್ಡು ನೆನಪಿಡುವುದು: ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವಲ್ಲಿ ಇದು ಬೇಡ. ಕ್ರೋಮ್ ಸೆಟ್ಟಿಂಗ್ಸ್‌ನ "ಪೇಮೆಂಟ್ ಮೆಥಡ್ಸ್"ನಲ್ಲಿ ಆರಿಸಬಹುದು.

6. ಸುದ್ದಿಯ ರಾಶಿ: ಹೊಸ ಪುಟ ತೆರೆದಾಗ ಕೆಳಗೆ ಬೇಕೋ ಬೇಡವೋ ಚಿತ್ರ, ಸುದ್ದಿ ಬಂದು ಬೀಳುತ್ತವೆ. ಇದಕ್ಕೆ "ಡಿಸ್ಕವರ್" ಅಂತ ಹೆಸರು. ಅದರ ಪಕ್ಕದ ಗುರುತು ಒತ್ತಿದರೆ ಆರಿಸುವ ಅವಕಾಶ ಸಿಗುತ್ತದೆ. ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಸಿಕ್ಕಿದ್ದನ್ನು ಇದಕ್ಕೆ ಸುರಿಯುವುದು ಯಾಕೆ?

ಇಷ್ಟಕ್ಕೂ ನನಗೆ ಹಿಡಿದದ್ದು ಅರ್ಧ ಗಂಟೆ, ಖರ್ಚು ಸೊನ್ನೆ. ಕೈ ಪಳಗಿದವರಿಗೆ ಹತ್ತು ನಿಮಿಷ ಸಾಕು.

ಏನನ್ನು ಮುಚ್ಚಬಾರದು?

ಕಿರಿಕಿರಿಯಾಯಿತು ಅಂತ ಎಲ್ಲ ಬಾಗಿಲೂ ಹಾಕಿಕೊಂಡರೆ ನನ್ನ ರಾಗಿಗೆ ಆದ ಗತಿಯೇ ಆಗುತ್ತದೆ. ಬ್ಯಾಂಕಿನ ಎಸ್ಸೆಮ್ಮೆಸ್, ಒಟಿಪಿ, ಫೋನ್ ಕರೆ ಯಾವುದೂ ಬ್ರೌಸರ್ ಮೂಲಕ ಬರುವುದಿಲ್ಲ. ಮೇಲೆ ಹೇಳಿದ್ದೆಲ್ಲ ಮಾಡಿದರೂ ಅವಕ್ಕೆ ತೊಂದರೆಯಿಲ್ಲ.

ಕೆಲವು ಕಚೇರಿ ಪುಟಗಳಲ್ಲಿ ಕಾಗದಪತ್ರ ತೆರೆಯುವುದು ಬೇರೆ ಕಿಟಕಿಯಲ್ಲಿ. ಪಾಪ್-ಅಪ್ ಮುಚ್ಚಿದ್ದರೆ ಗುಂಡಿ ಒತ್ತಿದರೂ ಏನೂ ಬರುವುದಿಲ್ಲ. ಆಗ ಕಿಟಕಿ ತಡೆದಿದ್ದೇನೆ ಅಂತ ಕ್ರೋಮ್ ತಾನೇ ಹೇಳುತ್ತದೆ. ಪುಟ ಗುರುತಿನದಾದರೆ ಅದೊಂದಕ್ಕೆ ಮಾತ್ರ ಬಿಡಿ, ಎಲ್ಲಕ್ಕೂ ಬೇಡ. ಮನೆಯ ಮುಂಬಾಗಿಲಿಗೆ ಚಿಲಕ ಹಾಕಿ, ಬಂದವರ ಮುಖ ನೋಡಿ ತೆಗೆಯುವ ಹಾಗೆ.

ರಾತ್ರಿ ನೆಮ್ಮದಿಯಾಗಿ ಮಲಗಬೇಕು, ಆದರೆ ಕಾವಲಿನವನ ಕರೆ ಕೇಳಬೇಕು ಅನ್ನುವವರಿಗೆ ಸೈಲೆಂಟ್ ಸರಿಯಲ್ಲ. "ಡು ನಾಟ್ ಡಿಸ್ಟರ್ಬ್" ಬಳಸಿ. ಕಾವಲಿನ ಜೊತೆಗಾರರ ನಂಬರುಗಳಿಗೆ ನಕ್ಷತ್ರದ ಗುರುತು ಹಾಕಿ, ಗುರುತು ಹಾಕಿದವರ ಕರೆ ಮಾತ್ರ ಬರಲಿ ಅಂತ ಅದರಲ್ಲಿ ಆರಿಸಬಹುದು. ನಾವು ಐದು ಹೊಲದವರೂ ಈಗ ಹೀಗೇ ಮಾಡಿಕೊಂಡಿದ್ದೇವೆ. ಮಲಗುವ ಮುಂಚೆ ಒಮ್ಮೆ ಒಬ್ಬರಿಗೊಬ್ಬರು ಫೋನ್ ಮಾಡಿ, ಗಂಟೆ ಹೊಡೆಯುತ್ತದೋ ಇಲ್ಲವೋ ನೋಡಿಕೊಳ್ಳುತ್ತೇವೆ.

ಮತ್ತೆ ಚಿಗುರುತ್ತದೆ

ಹೊಗೆಸೊಪ್ಪು ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕುಡಿ ಮುರಿದ ಮೇಲೆ ಎಲೆಯ ಕಂಕುಳಲ್ಲಿ ಚಿಗುರು ಒಡೆಯುತ್ತದೆ. ಬಿಟ್ಟರೆ ಎಲೆಗೆ ಹೋಗಬೇಕಾದ ಸತ್ವವನ್ನೆಲ್ಲ ಅದೇ ತಿನ್ನುತ್ತದೆ. ಒಂದು ಸಲ ತೆಗೆದರೆ ಮುಗಿಯುವುದಿಲ್ಲ, ಮತ್ತೆ ಬರುತ್ತದೆ, ಮತ್ತೆ ತೆಗೆಯಬೇಕು. ಈ ಪಟ್ಟಿಯೂ ಹಾಗೇ. ನಾನು ತಿಂಗಳಿಗೊಮ್ಮೆ, ಅಮಾವಾಸ್ಯೆ ದಿನ ತೆರೆದು ನೋಡುತ್ತೇನೆ. ಹೋದ ತಿಂಗಳು ಮತ್ತೆ ಎರಡು ಹೊಸ ಹೆಸರು ಸಿಕ್ಕವು. ಮೊಮ್ಮಗ ಆಟ ಹುಡುಕುವಾಗ "ಅಲೋ" ಒತ್ತಿದ್ದನಂತೆ.

ಕೊನೆಗೊಂದು ಮಾತು. ಇಂಥ ಸೂಚನೆ ನಂಬಿ ಯಾರಾದರೂ ದುಡ್ಡು ಕಳಕೊಂಡಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ನನ್ನ ಇಪ್ಪತ್ತು ಗುಂಟೆ ರಾಗಿ ಮರಳಿ ಬರುವುದಿಲ್ಲ. ಈ ಸುಗ್ಗಿಗೆ ಮುಂಚೆ ನೀವು ಒಂದು ಸಂಜೆ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ನಿಮ್ಮ ಫೋನಿನ ಪಟ್ಟಿ ತೆರೆದು ನೋಡಿ. ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರಿದ್ದರೆ ಪತ್ರಿಕೆಗೆ ಬರೆಯಿರಿ, ನಮಗೂ ತಿಳಿಯಲಿ.