ಕಾಶಿ–ಗಯಾ ಯಾತ್ರೆಗೆ ಏನೇನು ಒಯ್ಯಬೇಕು?

ಪ್ರಶ್ನೆ: ನಮ್ಮ ತಂದೆಯವರ ವರ್ಷಾಬ್ದಿಕ ಈಚೆಗೆ ಮುಗಿಯಿತು. ತಾಯಿಯವರನ್ನು (74 ವರ್ಷ, ಸಕ್ಕರೆ ಕಾಯಿಲೆ ಇದೆ) ಕರೆದುಕೊಂಡು ಪ್ರಯಾಗ, ಕಾಶಿ, ಗಯಾ ಮಾಡಿ ಬರಬೇಕೆಂದಿದ್ದೇವೆ. ಹೋಗುವಾಗ ರೈಲು, ಬರುವಾಗ ವಿಮಾನ. ಸಾಮಾನಿನ ವಿಷಯದಲ್ಲಿ ಮನೆಯಲ್ಲಿ ಒಮ್ಮತವಿಲ್ಲ. ಭಾವನವರು ಸಣ್ಣ ಗ್ಯಾಸ್ ಒಲೆ, ಪಾತ್ರೆ, ಅಕ್ಕಿಬೇಳೆ ಒಯ್ಯೋಣ ಎನ್ನುತ್ತಾರೆ. ತಾಯಿಗೆ ಸಾಲಿಗ್ರಾಮವಿರುವ ದೇವರ ಪೆಟ್ಟಿಗೆ ಬಿಟ್ಟು ಬರಲು ಮನಸ್ಸಿಲ್ಲ. ಮಗ ಮೊಬೈಲಿನಲ್ಲಿ ಪಂಚಾಂಗದ ಆ್ಯಪ್ ಹಾಕಿದ್ದಾನೆ. ಅದರ ರಾಹುಕಾಲಕ್ಕೂ ಗೋಡೆಯ ಕ್ಯಾಲೆಂಡರಿಗೂ ತಾಳೆಯಾಗುವುದಿಲ್ಲ. ಟಿಕೆಟ್ ಸಿಕ್ಕಿರುವುದು ಬುಧವಾರಕ್ಕೆ, ಅಂದು ಉತ್ತರಕ್ಕೆ ಶೂಲೆ. ಏನಾದರೂ ಮರೆತುಹೋಗಿ ಅಪ್ಪನಿಗೆ ಸಲ್ಲಬೇಕಾದ್ದು ಸಲ್ಲದೆ ಹೋದರೆ ಎಂದು ತಾಯಿ ರಾತ್ರಿ ನಿದ್ದೆ ಮಾಡುತ್ತಿಲ್ಲ. ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ತಾಯಿಯವರ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ; ಈ ಭಾಗವನ್ನು ಅವರ ಮುಂದೆ ಗಟ್ಟಿಯಾಗಿ ಓದಿ. ತೀರ್ಥಶ್ರಾದ್ಧಕ್ಕೆ ಬೇಕಾದ ಎಳ್ಳು, ದರ್ಭೆ, ಪಿಂಡಕ್ಕೆ ಹಿಟ್ಟು, ತುಳಸಿ, ಹೂವು ಎಲ್ಲವೂ ಆ ಕ್ಷೇತ್ರಗಳಲ್ಲೇ ಸಿಗುತ್ತವೆ. ಅಲ್ಲಿನ ಪುರೋಹಿತರು ದಿನವೂ ಅದೇ ಕೆಲಸ ಮಾಡುವವರು. ಮನೆಯಿಂದ ಒಯ್ದ ಒಂದು ವಸ್ತು ಮರೆತುಹೋಯಿತು ಅಂತ ನಿಮ್ಮ ಯಜಮಾನರಿಗೆ ಸಲ್ಲಬೇಕಾದ್ದು ನಿಂತುಹೋಗುವುದಿಲ್ಲ, ತಾಯಿ. ನಿಶ್ಚಿಂತೆಯಿಂದಿರಿ.

ಅಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದ ವಸ್ತು ಒಂದಿದೆ. ಅದನ್ನು ಮಾತ್ರ ಮನೆಯಿಂದಲೇ ಒಯ್ಯಬೇಕು. ಅದು ನಿಮ್ಮ ಹಿರಿಯರ ಹೆಸರು.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಒಂದು ಕುಟುಂಬದ ಜೊತೆ ನಾನೂ ಗಯೆಗೆ ಹೋಗಿದ್ದೆ. ಮೂವರು ಅಣ್ಣತಮ್ಮಂದಿರು, ನಾಲ್ಕು ಟ್ರಂಕು. ಸಾಮಗ್ರಿಯ ಪಟ್ಟಿ ಬರೆದುಕೊಟ್ಟವನು ನಾನೇ. ರಂಗೋಲಿ ಪುಡಿಯವರೆಗೆ ಒಂದೂ ಬಿಟ್ಟಿರಲಿಲ್ಲ. ಫಲ್ಗು ತೀರದಲ್ಲಿ ಕೂತು ಸಂಕಲ್ಪವಾಯಿತು. ಪ್ರಪಿತಾಮಹಿಯ ಹೆಸರು, ಅಂದರೆ ಮುತ್ತಜ್ಜಿಯ ಹೆಸರು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಗೊತ್ತಿದ್ದ ಅಜ್ಜಿಯನ್ನು, ಸಾಮಾನು ಜಾಸ್ತಿ ಇದೆ, ಅವರನ್ನು ಸುಧಾರಿಸುವುದು ಕಷ್ಟ ಅಂತ ಊರಲ್ಲೇ ಬಿಟ್ಟು ಬಂದಿದ್ದರು. ಆಗ ಮೊಬೈಲ್ ಎಲ್ಲಿತ್ತು? ಹಿರಿಯವನು ಎಸ್‌ಟಿಡಿ ಬೂತಿಗೆ ಓಡಿ ಪಕ್ಕದ ಮನೆಗೆ ಫೋನ್ ಮಾಡಿ ಅಜ್ಜಿಯನ್ನು ಕರೆಸಿದ. ಆಕೆ ಹೆಸರು ಹೇಳಿ, ಆಮೇಲೆ ಇನ್ನೊಂದು ಮಾತು ಹೇಳಿದರು: “ನನ್ನ ಮೈದುನ ಒಬ್ಬ ಇದ್ದ ಕಣೋ. ಹದಿನಾರು ವರ್ಷಕ್ಕೆ ಕೆರೆಯಲ್ಲಿ ಹೋದ. ಅವನಿಗೂ ಒಂದು ಇಡು.” ಆ ಹುಡುಗನ ವಿಷಯ ಆ ಮನೆಯ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅಂದು ಅವನಿಗೂ ಪಿಂಡ ಸಂದಿತು. ನಾಲ್ಕು ಟ್ರಂಕಿನ ಪಟ್ಟಿ ಬರೆದ ನಾನು ಹೆಸರಿನ ಪಟ್ಟಿ ಬರೆಸಿರಲಿಲ್ಲ. ತಪ್ಪು ನನ್ನದೇ.

ಅಂದಿನಿಂದ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ. ಹೊರಡುವ ಮುಂಚೆ ಒಂದು ಸಂಜೆ ತಾಯಿಯವರ ಪಕ್ಕ ಕೂತು ಬರೆದುಕೊಳ್ಳಿ. ಗೋತ್ರ, ಸೂತ್ರ, ಶಾಖೆ. ತಂದೆ, ಅಜ್ಜ, ಮುತ್ತಜ್ಜ. ಅಜ್ಜಿ, ಮುತ್ತಜ್ಜಿ, ಅವರ ಅತ್ತೆ. ಹಾಗೆಯೇ ತಾಯಿಯ ತಂದೆಯ ಕಡೆ ಮೂರು ತಲೆ, ಅವರ ಪತ್ನಿಯರು, ಆ ಮನೆತನದ ಗೋತ್ರ. ಆಮೇಲೆ ಕಾರುಣ್ಯ ಪಿತೃಗಳು: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯರು, ಅಣ್ಣತಮ್ಮ, ಅಕ್ಕತಂಗಿಯರು, ಹೆಣ್ಣು ಕೊಟ್ಟ ಅತ್ತೆಮಾವ, ವಿದ್ಯೆ ಕೊಟ್ಟ ಗುರು, ಸ್ನೇಹಿತರು. ಮಕ್ಕಳಿಲ್ಲದೆ ಹೋದವರು, ಅಕಾಲದಲ್ಲಿ ಹೋದವರು ಇದ್ದರೆ ಅವರನ್ನು ವಿಶೇಷವಾಗಿ ನೆನಪು ಮಾಡಿಕೊಳ್ಳಿ; ಗಯೆಯ ಹೆಚ್ಚುಗಾರಿಕೆಯೇ ಅದು, ಮನೆಯ ಆಬ್ದಿಕದಲ್ಲಿ ಹೆಸರು ಬಾರದವರಿಗೂ ಅಲ್ಲಿ ಜಾಗವಿದೆ. ತಾಯಿಯವರು ಇದ್ದಾರಾದ್ದರಿಂದ ಮಾತೃವರ್ಗದ ಕ್ರಮ ಸ್ವಲ್ಪ ಬೇರೆ. “ತಾಯಿ ಇದ್ದಾರೆ” ಎಂದು ಪುರೋಹಿತರಿಗೆ ಮೊದಲೇ ತಿಳಿಸಿ. ಯಾರದಾದರೂ ಹೆಸರು ಎಷ್ಟು ಹುಡುಕಿದರೂ ಸಿಗದಿದ್ದರೆ ಸಂಬಂಧವನ್ನು ಬರೆಯಿರಿ. ಹೆಸರು ತಿಳಿಯದವರಿಗೂ ಪ್ರಯೋಗದಲ್ಲಿ ದಾರಿ ಇದೆ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಹೇಳುವ ರೂಢಿಯಿದೆ.

ಈ ಪಟ್ಟಿಯನ್ನು ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಕಾಶಿ ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ನದಿ ತೀರದಲ್ಲಿ ಕೈಯೆಲ್ಲ ನೀರು, ಎಳ್ಳು, ಹಿಟ್ಟು ಆಗಿರುತ್ತದೆ. ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡು ಪ್ರತಿ ಮಾಡಿ ಇಬ್ಬರ ಚೀಲದಲ್ಲಿ ಇಡಿ.

ಇನ್ನು ಸಾಮಾನು. ಕರ್ತೃವಿಗೆ ಎರಡು ಜೊತೆ ಹತ್ತಿಯ ಪಂಚೆ–ಉತ್ತರೀಯ (ಒಂದು ಒದ್ದೆ, ಒಂದು ಒಣಗಿದ್ದು), ಬಿಡಿ ಯಜ್ಞೋಪವೀತ ಎರಡು ಜೊತೆ, ಪಂಚಪಾತ್ರೆ–ಉದ್ಧರಣೆ, ಒಂದು ತಂಬಿಗೆ, ಗೋಪೀಚಂದನವೋ ವಿಭೂತಿಯೋ ನಿಮ್ಮ ಸಂಪ್ರದಾಯದ್ದು, ಕೂರಲು ಚಾಪೆಯ ಆಸನ, ತೀರ್ಥ ತುಂಬಲು ಬಿಗಿ ಮುಚ್ಚಳದ ಸಣ್ಣ ಪಾತ್ರೆ. ಇಷ್ಟು ಸಾಕು. ಸ್ಲೀಪರ್ ಮತ್ತು ತ್ರೀ ಟೈರ್ ಎಸಿಯಲ್ಲಿ ಒಬ್ಬರಿಗೆ 40 ಕಿಲೋ ಸಾಮಾನು ಉಚಿತ ಎನ್ನುವುದು ನಿಜ, ಆದರೆ ಅದನ್ನು ಘಾಟಿನ ಮೆಟ್ಟಿಲ ಮೇಲೆ ಹೊರುವವರು ಯಾರು? ತಾಯಿಯವರ ಕೈ ಹಿಡಿಯಲು ನಿಮ್ಮ ಒಂದು ಕೈ ಯಾವಾಗಲೂ ಖಾಲಿ ಇರಬೇಕು. ಅದೇ ಲೆಕ್ಕ ಇಟ್ಟುಕೊಂಡು ಗಂಟು ಕಟ್ಟಿ.

ಭಾವನವರಿಗೆ ವಿನಯದಿಂದಲೇ ಹೇಳುತ್ತೇನೆ, ಗ್ಯಾಸ್ ಒಲೆ ಬೇಡವೇ ಬೇಡ. ಮಡಿ ಅಡುಗೆ ಬೇಕೆನ್ನುವ ಶ್ರದ್ಧೆ ದೊಡ್ಡದೇ. ಆದರೆ 2023ರ ಆಗಸ್ಟ್ 26ರಂದು ಮಧುರೈಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ, ಒಳಗೆ ಕದ್ದು ತಂದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ತೀರಿಕೊಂಡರು. ಅವರೂ ಕ್ಷೇತ್ರದರ್ಶನಕ್ಕೆ ಹೊರಟವರೇ. ರೈಲಿನಲ್ಲಿ ಸಿಲಿಂಡರ್, ಸೀಮೆಎಣ್ಣೆ, ಪಟಾಕಿ ಒಯ್ಯುವುದು ಅಪರಾಧ. ಮೂರು ವರ್ಷದವರೆಗೆ ಸೆರೆವಾಸವಿದೆ. ಒಂದು ಬೋಗಿಯ ಜನರ ಪ್ರಾಣ ಪಣಕ್ಕಿಟ್ಟು ಮಾಡುವ ಮಡಿ ಮಡಿಯಲ್ಲ. ಮೊದಲ ದಿನಕ್ಕೆ ಚಪಾತಿ, ಚಟ್ನಿಪುಡಿ. ಮುಂದಕ್ಕೆ ಹುರಿದ ಅವಲಕ್ಕಿ, ಹುರಿಹಿಟ್ಟು, ಹಣ್ಣು. ಕ್ಷೇತ್ರದಲ್ಲಿ ಮಠ, ಛತ್ರಗಳಿಗೆ ಮೊದಲೇ ತಿಳಿಸಿದರೆ ನಮ್ಮ ಕಡೆಯ ಊಟವೇ ಸಿಗುತ್ತದೆ.

ದೇವರ ಪೆಟ್ಟಿಗೆಯ ಪ್ರಶ್ನೆ ಸೂಕ್ಷ್ಮವಾದದ್ದು. ಸಾಲಿಗ್ರಾಮಕ್ಕೆ ನಿತ್ಯಪೂಜೆ ತಪ್ಪಬಾರದು ಎನ್ನುವುದು ತಾಯಿಯವರ ಚಿಂತೆ, ಅದು ಸರಿಯೇ. ಪರಿಹಾರ ಸುಲಭ. ದಾಯಾದಿಗಳ ಮನೆಯಲ್ಲೋ ನಿತ್ಯಪೂಜೆ ಇರುವ ಪರಿಚಿತರ ಮನೆಯಲ್ಲೋ ಪೆಟ್ಟಿಗೆಯನ್ನು ಒಪ್ಪಿಸಿ ಹೊರಡಿ. ಅಲ್ಲಿ ಪೂಜೆ, ನೈವೇದ್ಯ ಕ್ರಮವಾಗಿ ನಡೆಯುತ್ತದೆ. ರೈಲಿನ ಸೀಟಿನ ಕೆಳಗೆ ಚಪ್ಪಲಿಗಳ ಪಕ್ಕ ಇಟ್ಟು ಒಯ್ಯುವುದಕ್ಕಿಂತ ಇದು ಉತ್ತಮ. ದಾರಿಯಲ್ಲಿ ತಾಯಿಯವರು ಮಾನಸ ಪೂಜೆ ಮಾಡಲಿ. ನಿಮ್ಮ ಸಂಧ್ಯಾವಂದನೆಯೂ ಹಾಗೆ: ರೈಲಿನಲ್ಲಿ ಎಲ್ಲ ಅಂಗಗಳೂ ಸಾಧ್ಯವಾಗದಿದ್ದರೆ ಅರ್ಘ್ಯ, ಹತ್ತಾದರೂ ಗಾಯತ್ರಿ, ಕೂತಲ್ಲೇ ಬಿಡದೆ ಮಾಡಿ.

ಈಗ ಆ್ಯಪ್. ನಿಮ್ಮ ಮಗ ಹಾಕಿರುವುದು ತಪ್ಪಲ್ಲ, ಕ್ಯಾಲೆಂಡರೂ ತಪ್ಪಲ್ಲ. ಕ್ಯಾಲೆಂಡರಿನಲ್ಲಿ ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡು, ಹಗಲನ್ನು ಎಂಟು ಭಾಗ ಮಾಡಿ, ಸೋಮವಾರಕ್ಕೆ ಎರಡನೆಯ ಭಾಗ 7-30ರಿಂದ 9 ಎಂದು ಅಚ್ಚು ಹಾಕಿರುತ್ತಾರೆ. ಆ್ಯಪ್ ಆಯಾ ಊರಿನ ನಿಜವಾದ ಉದಯಾಸ್ತ ಹಿಡಿದು ಭಾಗ ಮಾಡುತ್ತದೆ. ಜೂನ್ ಕೊನೆಗೆ ಕಾಶಿಯಲ್ಲಿ ಉದಯ ಸುಮಾರು 5-10, ಅಸ್ತ ಸುಮಾರು 6-50. ಒಂದು ಭಾಗಕ್ಕೆ 102 ನಿಮಿಷ ಬಂದು ಸೋಮವಾರದ ರಾಹುಕಾಲ 6-52ರಿಂದ 8-35ರ ಸುಮಾರಿಗೆ ಆಗುತ್ತದೆ. ಡಿಸೆಂಬರ್ ಕೊನೆಗೆ ಹಗಲು ಚಿಕ್ಕದು. ಅದೇ ಸೋಮವಾರ ಸುಮಾರು 8ರಿಂದ 9-20. ಆದ್ದರಿಂದ ಆ್ಯಪಿನಲ್ಲಿ ಮೂರು ವಿಷಯ ನೋಡಿಕೊಳ್ಳಿ.

ಒಂದು, ಊರು. ಹಾಸನ ಅಂತಲೇ ಬಿಟ್ಟರೆ ಕಾಶಿಯ ಕಾಲ ತೋರಿಸುವುದಿಲ್ಲ. ಹೋದ ಕಡೆ ಊರು ಬದಲಾಯಿಸಿ. ಎರಡು, ಮಾಸ. ನಮ್ಮದು ಅಮಾಂತ, ಉತ್ತರದವರದು ಪೂರ್ಣಿಮಾಂತ. ನಮಗೆ ಭಾದ್ರಪದ ಕೃಷ್ಣವಾಗಿರುವ ಪಿತೃಪಕ್ಷ ಅವರಿಗೆ ಆಶ್ವಿನ ಕೃಷ್ಣ. ದಿನ ಒಂದೇ, ಹೆಸರು ಬೇರೆ. ಸಂವತ್ಸರದ ಹೆಸರೂ ಅಲ್ಲಿ ಬೇರೆ ಇರುತ್ತದೆ. ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣ ತೀರ ಎನ್ನುವ ಜಾಗದಲ್ಲಿ ಆ ಕ್ಷೇತ್ರದ ಹೆಸರು ಬರುತ್ತದೆ. ಪುರೋಹಿತರು ಬೇರೆ ಹೇಳಿದರು ಅಂತ ಗಾಬರಿಯಾಗಬೇಡಿ. ಮೂರು, ಗಣಿತ. ಆ್ಯಪುಗಳು ಸಾಮಾನ್ಯವಾಗಿ ದೃಕ್ ಗಣಿತದವು. ನಿಮ್ಮ ಮಠದ ಪಂಚಾಂಗ ಸೂರ್ಯಸಿದ್ಧಾಂತದ್ದಾದರೆ ತಿಥಿ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಬರುತ್ತದೆ. ಮನೆಯ ಆಬ್ದಿಕ, ಏಕಾದಶಿಗೆ ಮಠದ ಪಂಚಾಂಗವೇ ಪ್ರಮಾಣ.

ಇಷ್ಟೆಲ್ಲ ಹೇಳಿದರೂ ಗಯೆಯಲ್ಲಿ ಪಿಂಡ ಇಡಲು ರಾಹುಕಾಲ ನೋಡಬೇಕಾಗಿಲ್ಲ. ಗಯಾಶ್ರಾದ್ಧಕ್ಕೆ ಎಲ್ಲ ಕಾಲವೂ ಪ್ರಶಸ್ತವೆಂದೇ ಹಿರಿಯರ ನಿರ್ಣಯ.

ಬುಧವಾರದ ಶೂಲೆಗೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಪ್ರಸ್ಥಾನ ಇಡುವುದು. ಮಂಗಳವಾರವೂ ಉತ್ತರಕ್ಕೆ ಶೂಲೆ ಇರುವುದರಿಂದ ಸೋಮವಾರ ರಾಹುಕಾಲ ಕಳೆದ ಮೇಲೆ, ದೇವರಿಗೆ ನಮಸ್ಕರಿಸಿ, ನೀವು ಒಯ್ಯುವ ಒಂದು ಚೀಲವನ್ನು ಉತ್ತರ ದಿಕ್ಕಿನಲ್ಲಿರುವ ಆಪ್ತರ ಮನೆಯಲ್ಲಿ ಇಟ್ಟು ಬನ್ನಿ. ಅಂದಿನ ತಿಥಿ, ನಕ್ಷತ್ರವನ್ನು ನಿಮ್ಮ ಪುರೋಹಿತರಿಗೆ ಒಮ್ಮೆ ತೋರಿಸಿ. ಬುಧವಾರ ಹೋಗುವಾಗ ಚೀಲ ತೆಗೆದುಕೊಂಡು ನಡೆಯಿರಿ. ಯಾತ್ರೆ ಸೋಮವಾರವೇ ಆರಂಭವಾದಂತೆ. ಕಾಶಿಯಲ್ಲೇ ರಚಿತವಾದ ಮುಹೂರ್ತಚಿಂತಾಮಣಿಯ ಯಾತ್ರಾಪ್ರಕರಣದಲ್ಲೂ ಪ್ರಸ್ಥಾನದ ವಿಚಾರ ಬಂದಿದೆ. ಆ ಚೀಲದಲ್ಲಿ ಹೆಸರಿನ ಪಟ್ಟಿಯ ಒಂದು ಪ್ರತಿಯನ್ನೂ ಇಡಿ.

ಬರುವಾಗ ವಿಮಾನವಾದ್ದರಿಂದ ಕರ್ಪೂರ, ಬೆಂಕಿಪೊಟ್ಟಣ ಅಲ್ಲೇ ಮುಗಿಸಿ ಬನ್ನಿ. ಒಣಕೊಬ್ಬರಿಯನ್ನೂ ಬಿಡುವುದಿಲ್ಲ, ಎಣ್ಣೆ ಅಂಶದಿಂದ ಬೆಂಕಿಯ ಭಯವಿದೆ. ಗಂಗೆಯನ್ನು ಬಿಗಿಯಾಗಿ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ ಲಗೇಜಿಗೆ ಹಾಕಿ. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇರಬೇಕು. ತಾಯಿಯವರ ಮಾತ್ರೆ, ಇನ್ಸುಲಿನ್, ವೈದ್ಯರ ಚೀಟಿ ಕೂಡ ಕೈಚೀಲದಲ್ಲೇ. ಚಳಿಗಾಲವಾದರೆ ಮಂಜಿನಿಂದ ರೈಲು ತಡವಾಗುತ್ತದೆ, ಮೂರು ದಿನಕ್ಕೆ ಹೆಚ್ಚಾಗುವಷ್ಟು ಔಷಧ ಇರಲಿ. ಶ್ರಾದ್ಧದ ದಿನ ನಿಯಮ ಕರ್ತೃವಿಗೆ. ತಾಯಿಯವರು ಉಪವಾಸ ಇರಬೇಕಾಗಿಲ್ಲ. ವೃದ್ಧರಿಗೆ, ರೋಗಿಗಳಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಹೊತ್ತಿಗೆ ಸರಿಯಾಗಿ ತಿಂಡಿ ತಿಂದು ಮಾತ್ರೆ ತೆಗೆದುಕೊಳ್ಳಲಿ.

ಗಯೆಯ ಅಕ್ಷಯವಟದ ಬುಡದಲ್ಲಿ ತಮಗಿಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರುವ ಪದ್ಧತಿ ಇದೆ. ಏನು ಬಿಡಬೇಕೆಂದು ತಾಯಿಯವರು ಕೇಳಿದರೆ, ಹಣ್ಣಿನ ಜೊತೆಗೆ ಈ ಚಿಂತೆಯನ್ನೂ ಅಲ್ಲೇ ಬಿಟ್ಟು ಬನ್ನಿ ಎಂದು ನಾನು ಹೇಳಿದೆನೆಂದು ತಿಳಿಸಿ. ಇಂದು ಸಂಜೆಯೇ ಕಾಗದ, ಪೆನ್ನು ಹಿಡಿದು ಅವರ ಪಕ್ಕ ಕೂತುಕೊಳ್ಳಿ. ನಿಮ್ಮ ಯಾತ್ರೆ ನಿರ್ವಿಘ್ನವಾಗಿ ನೆರವೇರಲಿ. ಶುಭಮಸ್ತು.